ಲಿಸ್ಬನ್‌ನ ಬೆಲೇಂ ವಾಕಿಂಗ್ ಟೂರ್: ಗಾಳಿಯ ಕತೆ ಸೂಪರ್, ಆದ್ರೆ ಮುಖ್ಯವಾದ ಒಂದು ಕತೆ ಬಿಟ್ಟೇ ಬಿಟ್ರು

ಲಿಸ್ಬನ್‌ಗೆ ಹೋದೋರೆಲ್ಲ ಬೆಲೇಂ ನೋಡೇ ನೋಡ್ತಾರೆ, ಸಿಟಿಯಿಂದ 15ನೇ ನಂಬರ್ ಟ್ರಾಮ್ ಹತ್ತಿದ್ರೆ ಆಯ್ತು. ನಾವು ಬರೀ ಫೋಟೋ ತಗೊಂಡು ವಾಪಸ್ ಬರೋದು ಬೇಡ ಅಂತ ಹಳೇ ಕಾಲದ ಸಮುದ್ರಯಾನದ ಬಗ್ಗೆನೇ ಇರೋ ಒಂದು ವಾಕಿಂಗ್ ಟೂರ್ ಬುಕ್ ಮಾಡಿದ್ವಿ, ಮೂರು ಗಂಟೆ, ಒಬ್ರು ಗೈಡ್, ನಾವು ಹನ್ನೆರಡು ಜನ. ಸ್ಕೂಲಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅಂತ ಒಂದು ಸಾಲು ಬಾಯಿಪಾಠ ಮಾಡಿದ್ದು ಬಿಟ್ರೆ ನಂಗೆ ಇದರ ಬಗ್ಗೆ ಹೆಚ್ಚೇನೂ ಗೊತ್ತಿರ್ಲಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಟೂರ್ ಶುರುವಾಗೋದು ನದಿ ದಡದಲ್ಲಿರೋ ದೊಡ್ಡ ಸ್ಮಾರಕದ ಹತ್ರ, ಹಡಗಿನ ಮೂತಿ ಥರ ಇದ್ಯಲ್ಲ ಅದು. ನೋಡಕ್ಕೆ ಹಳೇದು ಅನ್ಸುತ್ತೆ, ಆದ್ರೆ ಈಗಿರೋದು ಕಟ್ಟಿದ್ದು 1960ರಲ್ಲಿ, ಪೋರ್ಚುಗೀಸರ ಸಮುದ್ರಯಾನಗಳಿಗೆ ಬೆಂಬಲ ಕೊಟ್ಟ ರಾಜಕುಮಾರ ಹೆನ್ರಿ ಸತ್ತು 500 ವರ್ಷ ಆಯ್ತು ಅಂತ. ಅದರ ಮುಂದೆ ನೆಲದ ಮೇಲೆ ಕಲ್ಲಲ್ಲಿ ಮಾಡಿರೋ ದೊಡ್ಡ ದಿಕ್ಸೂಚಿ, ನಡುವೆ ಪ್ರಪಂಚದ ಮ್ಯಾಪು. ಇಡೀ ಟೂರಲ್ಲಿ ಬೆಸ್ಟ್ ಭಾಗ ಇಲ್ಲೇ.

ಗೈಡು ನಮ್ಮನ್ನ ಆ ಮ್ಯಾಪ್ ಮೇಲೆ ನಿಲ್ಲಿಸಿ, ಲಿಸ್ಬನ್‌ನಿಂದ ಇಂಡಿಯಾಗೆ ನಡೀರಿ ನೋಡೋಣ ಅಂದ್ರು. ನಾವೆಲ್ಲ ಆಫ್ರಿಕಾದ ಅಂಚು ಹಿಡ್ಕೊಂಡು ಹೊರಟ್ವಿ. ಅವರು ತಡೆದು, ಆ ಕಡೆ ಎದುರುಗಾಳಿ, ಎದುರು ಪ್ರವಾಹ, ಹಡಗು ಮುಂದಕ್ಕೇ ಹೋಗಲ್ಲ ಅಂದ್ರು. ಗಾಮ ಏನು ಮಾಡಿದ ಅಂದ್ರೆ ಕೇಪ್ ವರ್ಡೆ ದ್ವೀಪಗಳು ದಾಟಿದ ಮೇಲೆ ದಡ ಬಿಟ್ಟು ಅಟ್ಲಾಂಟಿಕ್ ಒಳಗೆ ದೂರಕ್ಕೆ ಹೋಗಿ, ದಕ್ಷಿಣದಲ್ಲಿ ಪಶ್ಚಿಮದಿಂದ ಬೀಸೋ ಗಾಳಿ ಹಿಡಿದು ಮತ್ತೆ ಆಫ್ರಿಕಾ ಕಡೆ ತಿರುಗಿದ. 1497ರ ಆಗಸ್ಟ್ 3ಕ್ಕೆ ಆ ದ್ವೀಪಗಳಿಂದ ಹೊರಟೋರಿಗೆ ನೆಲ ಕಂಡಿದ್ದು ನವೆಂಬರ್ 4ಕ್ಕೆ, ಅಂದ್ರೆ ಮೂರು ತಿಂಗಳು ಬರೀ ನೀರು. ಕೊಲಂಬಸ್ 1492ರಲ್ಲಿ ಕ್ಯಾನರಿ ದ್ವೀಪ ಬಿಟ್ಟು ನೆಲ ಕಾಣಕ್ಕೆ ಐದು ವಾರ ಆಗಿತ್ತು ಅಷ್ಟೆ. ಹೀಗೆ ಸುತ್ತು ಹಾಕೋದಕ್ಕೆ ಪೋರ್ಚುಗೀಸರು ವೋಲ್ಟಾ ದು ಮಾರ್ ಅಂತಾರಂತೆ. ಕಾಲಲ್ಲಿ ನಡೆದು ಕಲಿತಿದ್ದಕ್ಕೋ ಏನೋ, ನಂಗಿನ್ನು ಇದು ಮರೆಯಲ್ಲ.

ಅರಬ್ಬೀ ಸಮುದ್ರದ ಕತೆನೂ ಹಾಗೇ ಮಾಡಿ ತೋರಿಸಿದ್ರು. ಆಫ್ರಿಕಾದ ಮಲಿಂದಿಯಲ್ಲಿ ದಾರಿ ಗೊತ್ತಿರೋ ಒಬ್ಬ ನಾವಿಕ ಸಿಕ್ಕಿದ, ಗಾಳಿನೂ ಸರಿಯಾಗಿತ್ತು, ಒಂದು ತಿಂಗಳೊಳಗೇ ಕಲ್ಲಿಕೋಟೆ ಸೇರಿದ್ರು. ವಾಪಸ್ ಹೋಗುವಾಗ ಹಿಂಗಾರು ಗಾಳಿ ಶುರುವಾಗೋವರೆಗೆ ಕಾಯದೆ ಅಕ್ಟೋಬರ್ ಮೊದಲಲ್ಲೇ ನಮ್ಮ ಕಾರವಾರದ ಹತ್ರದ ಅಂಜದೀವ ದ್ವೀಪದಿಂದ ಹೊರಟುಬಿಟ್ರು, ಅದೇ ಸಮುದ್ರ ದಾಟಕ್ಕೆ ಹತ್ತತ್ರ ಮೂರು ತಿಂಗಳು ಹಿಡೀತು. ತಾಜಾ ಹಣ್ಣು ತರಕಾರಿ ಇಲ್ದೆ ಸ್ಕರ್ವಿ ಬಂದು ವಸಡು ಊದ್ಕೊಂಡು ಜನ ಸತ್ರು, ಒಂದೊಂದು ಹಡಗಲ್ಲಿ ಕೆಲಸ ಮಾಡೋ ಸ್ಥಿತಿಲಿ ಇದ್ದಿದ್ದು ಏಳೆಂಟು ಜನ. ಅಲ್ಲಿದ್ದ ಹನ್ನೆರಡು ಜನರಲ್ಲಿ ಈ ಮುಂಗಾರು ಹಿಂಗಾರು ವಿಷಯ ತಟ್ಟನೆ ಅರ್ಥ ಆಗಿದ್ದು ನಮ್ಮಿಬ್ಬರಿಗೇ ಅನ್ಸುತ್ತೆ.

ಆಮೇಲೆ ಜೆರೋನಿಮೊಸ್ ಅನ್ನೋ ಹಳೇ ಕ್ರೈಸ್ತ ಮಠ. ಕಲ್ಲಿನ ಕೆತ್ತನೆ ನೋಡ್ತಾ ನಿಂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಇಂಥದ್ದನ್ನ ಕಟ್ಟಕ್ಕೆ ದುಡ್ಡು ಎಲ್ಲಿಂದ ಬಂತು ಅಂದ್ರೆ ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ಹಾಕಿದ ಸುಮಾರು 5% ತೆರಿಗೆಯಿಂದ. ಮೊದಲು ನಮ್ಮ ಕಡೆ ಕಾಳುಮೆಣಸು ಕೆಂಪು ಸಮುದ್ರದ ಮೇಲೆ ಈಜಿಪ್ಟ್‌ಗೆ ಹೋಗಿ, ಅಲ್ಲಿಂದ ವೆನಿಸ್ ವ್ಯಾಪಾರಿಗಳ ಕೈ ಸೇರ್ತಿತ್ತು, ಕೈ ಬದಲಾದಾಗೆಲ್ಲ ರೇಟ್ ಏರ್ತಿತ್ತು. ಅದನ್ನ ತಪ್ಪಿಸಿ ನೇರವಾಗಿ ತರೋದಕ್ಕೇ ಇಷ್ಟೆಲ್ಲ ಸಾಹಸ. ಗಾಮನ ಸಮಾಧಿ ಇಲ್ಲೇ ಚರ್ಚ್ ಒಳಗಿದೆ. 1524ರಲ್ಲಿ ಸತ್ತಿದ್ದು ಕೊಚ್ಚಿಯಲ್ಲಿ, ಮೂಳೆಗಳನ್ನ ಪೋರ್ಚುಗಲ್‌ಗೆ ತಗೊಂಡು ಬಂದಿದ್ದು 1539ರಲ್ಲಿ, ಈ ಚರ್ಚ್‌ಗೆ ತಂದಿದ್ದು 1880ರಲ್ಲಿ. ಬೆಲೇಂ ಗೋಪುರ ಹೊರಗಿಂದ ಮಾತ್ರ ತೋರಿಸಿದ್ರು, ಅದರ ಬಗ್ಗೆ ಹೇಳಕ್ಕೆ ಜಾಸ್ತಿ ಏನಿಲ್ಲ.

ಈಗ ನಂಗೆ ನಿಜವಾಗ್ಲೂ ಬೇಜಾರಾದ ವಿಷಯ. ಗಾಮ 1502ರಲ್ಲಿ ಎರಡನೇ ಸಲ ಬಂದಾಗ ಮೆಕ್ಕಾ ಯಾತ್ರೆಯಿಂದ ವಾಪಸ್ ಬರ್ತಿದ್ದ ಮಿರಿ ಅನ್ನೋ ಹಡಗನ್ನ ಲೂಟಿ ಮಾಡಿ, ಹೆಂಗಸರು ಮಕ್ಕಳು ಒಳಗಿದ್ದಂಗೇ ಬೆಂಕಿ ಇಡಿಸಿದ. ನೂರಾರು ಜನ ಸತ್ರು. ಹಿಂದಿನ ರಾತ್ರಿ ಹೋಟೆಲಲ್ಲಿ ಇದನ್ನ ಓದಿದ್ದೆ, ಅದಕ್ಕೆ ಸಮಾಧಿ ಮುಂದೆ ನಿಂತಾಗ ಕೇಳ್ದೆ. ಗೈಡು ಅದು ಆ ಕಾಲದ ಪದ್ಧತಿ ಅಂತ ಹೇಳಿ ಮುಂದಕ್ಕೆ ಹೋದ್ರು. 1444ರಲ್ಲಿ ಇದೇ ದೇಶದ ಲಾಗೋಸ್ ಊರಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನ ಹಡಗಿಂದ ಇಳಿಸಿ ಹಂಚ್ಕೊಂಡ್ರು, ಹೆನ್ರಿನೂ ಅಲ್ಲೇ ಇದ್ದ. ಆ ಸ್ಮಾರಕದ ಮೇಲಿರೋ ಅವನ ದೊಡ್ಡ ಕಲ್ಲಿನ ಮೂರ್ತಿ ಕೆಳಗೆ ಅರ್ಧ ಗಂಟೆ ನಿಂತಿದ್ವಿ, ಅದರ ಬಗ್ಗೆ ಒಂದು ಮಾತೂ ಬರ್ಲಿಲ್ಲ. ಗಾಳಿ ಬಗ್ಗೆ ಅಷ್ಟು ಚೆನ್ನಾಗಿ ಹೇಳೋ ವ್ಯಕ್ತಿಗೆ ಇದನ್ನ ಹೇಳಕ್ಕೆ ಐದು ನಿಮಿಷ ಸಿಗಲ್ವಾ? ಅದಕ್ಕೇ ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಬರೀ ಆ ಮ್ಯಾಪಿನ ಅರ್ಧ ಗಂಟೆ ಆಗಿದ್ರೆ ಐದಕ್ಕೆ ಐದೂ ಕೊಡ್ತಿದ್ದೆ.

ಬುಕ್ ಮಾಡೋರು ಬೆಳಗಿನ ಟೂರೇ ತಗೊಳ್ಳಿ, ಯಾಕಂದ್ರೆ ಮುಗಿದ ಮೇಲೆ ಮಠದ ಪಕ್ಕದಲ್ಲೇ ಇರೋ ನೌಕಾ ಮ್ಯೂಸಿಯಂ ನೋಡಕ್ಕೆ ಟೈಮ್ ಬೇಕು, ಅದು ಟೂರಲ್ಲಿ ಸೇರಿಲ್ಲ. ಅಲ್ಲಿ ಗಾಮನ ಜೊತೆ ಸಾಂವ್ ರಫಾಯೆಲ್ ಅನ್ನೋ ಹಡಗಲ್ಲಿ ಹೋಗಿಬಂದ ದೇವದೂತ ರಾಫೇಲನ ಮರದ ಮೂರ್ತಿ ಇದೆ. ವಾಪಸ್ ಬರುವಾಗ ನಡೆಸಕ್ಕೆ ಜನ ಸಾಲದೆ ಆ ಹಡಗನ್ನ ಅವರೇ ಸುಟ್ಟರು, ಮೂರ್ತಿ ಮಾತ್ರ ಮನೆ ಸೇರ್ತು. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.