ಇಂಗ್ಲೆಂಡಿನ ಶನಿವಾರ, ಜರ್ಮನಿಯ ಬುಧವಾರ

ಮಗಳು ಎಂ.ಎಸ್. ಮಾಡಲು ಹೊರದೇಶಕ್ಕೆ ಹೋಗುತ್ತೇನೆ ಅಂದಾಗ ನನ್ನದು ಒಂದೇ ಹಟ. ಅರ್ಜಿ ಹಾಕುವ ಮೊದಲು ಆ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು. ತೋಟ ಕೊಳ್ಳುವಾಗ ನೀರು, ದಾರಿ, ನೆರಳಿನ ಮರ ನೋಡದೆ ಯಾರಾದರೂ ಅಡ್ವಾನ್ಸ್ ಕೊಡುತ್ತಾರಾ? ಹಾಗಾಗಿ 2024ರ ಅಕ್ಟೋಬರಿನಲ್ಲಿ, ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ, ನಾವಿಬ್ಬರೂ ಟೂರಿಸ್ಟ್ ವೀಸಾದಲ್ಲಿ ಹನ್ನೆರಡು ದಿನ ಹೋಗಿಬಂದೆವು. ಮೊದಲು ಇಂಗ್ಲೆಂಡ್, ಆಮೇಲೆ ಜರ್ಮನಿ. ಇಲ್ಲಿ ಚಿಕ್ಕಮಗಳೂರಿನಲ್ಲಿ ಸಿಕ್ಕವರೆಲ್ಲ ಆ ಪ್ರಯಾಣದ ಬಗ್ಗೆಯೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವೀಸಾ. ಎರಡಕ್ಕೂ ಬೆರಳಚ್ಚು ಕೊಟ್ಟಿದ್ದು ಬೆಂಗಳೂರಿನಲ್ಲೇ. ಇಂಗ್ಲೆಂಡಿನ ವಿಸಿಟರ್ ವೀಸಾಕ್ಕೆ ಆಗ 115 ಪೌಂಡ್, ಆರು ತಿಂಗಳವರೆಗೆ ಇರಬಹುದು. ಜರ್ಮನಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), 90 ಯೂರೋ. 180 ದಿನಗಳಲ್ಲಿ 90 ದಿನ ಮಾತ್ರ, ಜೊತೆಗೆ ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಬೇಕೇ ಬೇಕು. ಪಾಸ್‌ಪೋರ್ಟ್ ಒಂದೇ ಆದ್ದರಿಂದ ಒಂದು ವೀಸಾ ಕೈಗೆ ಬಂದ ಮೇಲೆ ಇನ್ನೊಂದಕ್ಕೆ ಕೊಟ್ಟೆವು. ಇದಕ್ಕೇ ಎರಡು ತಿಂಗಳು ಹಿಡಿಯಿತು.

ನಮ್ಮಂಥ ಬೆಳೆಗಾರರಿಗೆ ತೊಡಕು ಬೇರೆಯದೇ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಹಾಗಾಗಿ ರಿಟರ್ನ್ಸ್ ಮೇಲೆ ಕಣ್ಣಾಡಿಸಿದವರಿಗೆ ನಮಗೆ ಸಂಪಾದನೆಯೇ ಇಲ್ಲವೇನೋ ಅನ್ನಿಸಬಹುದು. ನಾನು ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಆ ದುಡ್ಡು ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ತಾಳೆ ಹಾಕಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟೆ. ವಾಪಸ್ ಬರುತ್ತೇವೆ ಅನ್ನುವುದಕ್ಕೂ ತೋಟವೇ ಸಾಕ್ಷಿ, ಅಲ್ವಾ?

ಒಬ್ಬ ಏಜೆಂಟರು, "ಕಾಲೇಜಿನ ಸುದ್ದಿ ಎತ್ತಬೇಡಿ ಸರ್, ಸುಮ್ನೆ ಸೈಟ್‌ಸೀಯಿಂಗ್ ಅಂತ ಬರೀರಿ" ಅಂದರು. ನಾನು ಒಪ್ಪಲಿಲ್ಲ. ವಿಶ್ವವಿದ್ಯಾಲಯಗಳನ್ನು ನೋಡಿ ಬರುತ್ತೇವೆ ಎಂದೇ ಬರೆದು, ಅವರಿಂದ ಬಂದ ಮೇಲ್‌ಗಳ ಪ್ರಿಂಟ್ ಲಗತ್ತಿಸಿದೆ. ನಾಳೆ ಮಗಳು ಸ್ಟೂಡೆಂಟ್ ವೀಸಾ ಕೇಳುವಾಗ ಹಳೇ ಕಾಗದ ಎದುರಿಗೆ ಬಂದರೂ ಅವಳು ತಲೆ ಎತ್ತಿ ಮಾತಾಡಬೇಕು. ಇನ್ನೊಂದು ವಿಷಯ: ಹೇಗೂ ಬಂದಿದ್ದೇವೆ, ಇಲ್ಲೇ ಸೇರಿಬಿಡೋಣ ಅನ್ನುವ ಹಾಗಿಲ್ಲ. ಈ ವೀಸಾವನ್ನು ಎರಡೂ ದೇಶಗಳಲ್ಲಿ ಅಲ್ಲಿದ್ದುಕೊಂಡೇ ಸ್ಟೂಡೆಂಟ್ ವೀಸಾ ಆಗಿ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಊರಿಗೆ ಬಂದು ಹೊಸದಾಗಿ ಅರ್ಜಿ ಹಾಕಬೇಕು.

ಇಂಗ್ಲೆಂಡಿನಲ್ಲಿ ಉತ್ತರದ ಕಡೆಯ ಒಂದು ವಿಶ್ವವಿದ್ಯಾಲಯದ ಓಪನ್ ಡೇಗೆ, ಅಂದರೆ ಸೇರಬೇಕೆಂದಿರುವವರಿಗೆ ಕ್ಯಾಂಪಸ್ ತೋರಿಸುವ ದಿನಕ್ಕೆ, ಹೆಸರು ಕೊಟ್ಟಿದ್ದೆವು. ಶನಿವಾರ. ಗೇಟಿನಲ್ಲೇ ಒಂದೇ ಬಣ್ಣದ ಟೀ ಶರ್ಟಿನ ಹುಡುಗರು ನಗುತ್ತಾ ಎದುರಾದರು. ಫೀಸಿಗೆ ಒಂದು ಮೇಜು, ಸ್ಕಾಲರ್‌ಶಿಪ್‌ಗೆ ಒಂದು, ಹಾಸ್ಟೆಲಿಗೆ ಒಂದು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. ಮಾದರಿ ರೂಮಿನ ಬಾಗಿಲು ತೆರೆದು ತೋರಿಸಿದರು, ಗಡುವಿನೊಳಗೆ ಕೇಳಿದರೆ ರೂಮ್ ಖಾತ್ರಿ ಅಂದರು. ಹೆಣ್ಣು ಮಗಳನ್ನು ಕಳಿಸುವ ಅಪ್ಪನಿಗೆ ಇದು ಸಣ್ಣ ಮಾತಲ್ಲ. ಒಂದೇ ವರ್ಷಕ್ಕೆ ಕೋರ್ಸ್ ಮುಗಿಯುತ್ತದೆ, ಭಾಷೆಯ ತೊಂದರೆಯೂ ಇಲ್ಲ. ಆದರೆ ಫೀಸೇ 25,000 ಪೌಂಡಿನ ಮೇಲೆ. ಲ್ಯಾಬಿನಲ್ಲಿ ಯಂತ್ರಗಳಿದ್ದವು, ಕೆಲಸ ಮಾಡುವವರು ಇರಲಿಲ್ಲ. ಅವತ್ತು ಪಾಠವೂ ಇಲ್ಲ. ಮದುವೆ ಮನೆ ನೋಡಿ ಆ ಮನೆಯ ದಿನನಿತ್ಯದ ಬಾಳು ಹೇಗೆ ಅಂತ ಹೇಳೋಕಾಗುತ್ತಾ?

ಜರ್ಮನಿಯ ಆಖೆನ್‌ಗೆ ಹೋಗಿದ್ದು ಒಂದು ಮಾಮೂಲಿ ಬುಧವಾರ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ದೊಡ್ಡ ಗೇಟೂ ಇಲ್ಲ, ಕಾಂಪೌಂಡೂ ಇಲ್ಲ. ಕಟ್ಟಡಗಳು ಊರಿನ ಬೀದಿಗಳಲ್ಲೇ ಸೇರಿಹೋಗಿವೆ. ಅರ್ಧ ಗಂಟೆ ದಾರಿ ಹುಡುಕಿದೆವು. ನಮ್ಮನ್ನು ಸ್ವಾಗತಿಸಲು ಯಾರೂ ಇರಲಿಲ್ಲ. ಮಗಳು ಮೊದಲೇ ಮೇಲ್ ಮಾಡಿ ಒಬ್ಬ ಪ್ರಾಧ್ಯಾಪಕರ ಅನುಮತಿ ಪಡೆದಿದ್ದಳು. ಇಂಗ್ಲಿಷಿನಲ್ಲಿ ನಡೆಯುವ ಒಂದು ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂತೆವು. ನನಗೆ ಪಾಠ ತಿಳಿಯಲಿಲ್ಲ. ಆದರೆ ತೊಂಬತ್ತು ನಿಮಿಷ ಮಗಳ ಪೆನ್ನು ನಿಲ್ಲಲಿಲ್ಲ, ಅದನ್ನು ನೋಡಿದೆ. ಮುಗಿದಾಗ ಹುಡುಗರು ಚಪ್ಪಾಳೆ ಹೊಡೆಯಲಿಲ್ಲ, ಬೆರಳ ಗೆಣ್ಣಿನಿಂದ ಡೆಸ್ಕ್ ಮೇಲೆ ಟಕಟಕ ಅಂತ ಬಡಿದರು. ಅಲ್ಲಿ ಹಾಗೇ ರೂಢಿ. ಮಗಳೂ ಮೆಲ್ಲಗೆ ಬಡಿದಳು.

ಮಧ್ಯಾಹ್ನ ಅಲ್ಲಿನ ಕ್ಯಾಂಟೀನಿನಲ್ಲಿ ಹಾಸನದ ಹುಡುಗನೊಬ್ಬ ಸಿಕ್ಕ. "ಅಂಕಲ್, ನನಗೆ ಸೀಟ್ ಸಿಕ್ಕಿದ್ದೇ ಸುಲಭ, ರೂಮ್ ಸಿಗೋಕೆ ನಾಲ್ಕು ತಿಂಗಳಾಯ್ತು" ಅಂದ. ಸಂಜೆ ತನ್ನ ರೂಮಿಗೆ ಕರೆದುಕೊಂಡು ಹೋದ. ಮಂಚ, ಮೇಜು, ಕಿಟಕಿಯಲ್ಲಿ ರಾಗಿ ಹಿಟ್ಟಿನ ಡಬ್ಬಿ. ಅಡುಗೆಮನೆ ನಾಲ್ಕು ಜನಕ್ಕೆ ಒಂದೇ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ, ಮೊದಲ ಡಿಸೆಂಬರ್ ತುಂಬ ಕಷ್ಟವಾಯಿತು ಎಂದೂ ಹೇಳಿದ. ಓಪನ್ ಡೇಯಲ್ಲಿ ಇಂಥ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಜರ್ಮನಿಯ ಇನ್ನೊಂದು ವಿಶ್ವವಿದ್ಯಾಲಯ ನೋಡಲು ಕಾರ್ಲ್ಸ್‌ರೂಹೆ ಎಂಬ ಊರಿಗೂ ಹೋಗಿದ್ದೆವು. ಊರು ಚೆಂದ, ಅರಮನೆಯಿಂದ ಬೀಸಣಿಗೆಯ ಹಾಗೆ ಹರಡಿದ ರಸ್ತೆಗಳು, ಕ್ಯಾಂಪಸ್ ಪಕ್ಕದಲ್ಲೇ ಕಾಡು. ಆದರೆ ಅಲ್ಲಿ ತರಗತಿ ಇನ್ನೂ ಶುರುವಾಗಿರಲಿಲ್ಲ. ಅಕ್ಟೋಬರ್ 1ಕ್ಕೆ ಸೆಮಿಸ್ಟರ್ ಶುರು ಅಂತ ಕಾಗದದಲ್ಲಿದ್ದರೂ ಪಾಠ ಶುರುವಾಗುವ ತಾರೀಕು ಒಂದೊಂದು ಕಡೆ ಒಂದೊಂದು. ಟಿಕೆಟ್ ಮಾಡಿಸುವ ಮುಂಚೆ ನಾನು ಅದನ್ನು ನೋಡಬೇಕಿತ್ತು. ಫೀಸಿನ ಲೆಕ್ಕವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾರ್ಲ್ಸ್‌ರೂಹೆ ಇರುವ ರಾಜ್ಯದಲ್ಲಿ ನಮ್ಮ ಮಕ್ಕಳಿಗೆ ಸೆಮಿಸ್ಟರಿಗೆ 1,500 ಯೂರೋ. ಆಖೆನ್‌ನಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಸ್ಟೂಡೆಂಟ್ ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ ಆಗ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ತೋರಿಸಬೇಕಿತ್ತು.

ಇಬ್ಬರಿಗೂ ಸೇರಿ ಖರ್ಚು 4 ಲಕ್ಷ ದಾಟಿತು. ದೊಡ್ಡ ದುಡ್ಡೇ. ಒಂದೇ ದೇಶಕ್ಕೆ ಹೋಗುವಷ್ಟು ಮಾತ್ರ ಕೈಯಲ್ಲಿದ್ದರೆ, ಓಪನ್ ಡೇ ಬಿಟ್ಟು ಪಾಠ ನಡೆಯುವ ಮಾಮೂಲಿ ವಾರದಲ್ಲಿ ಹೋಗಿ ಅನ್ನುತ್ತೇನೆ. ಇಂಗ್ಲೆಂಡಿಗೂ ಹಾಗೇ ಹೋಗಿದ್ದರೆ ನನ್ನ ಅಭಿಪ್ರಾಯ ಬದಲಾಗುತ್ತಿತ್ತೇನೋ.

ವಾಪಸ್ ಬರುವಾಗ ವಿಮಾನದಲ್ಲಿ ಮಗಳು, "ಅಪ್ಪಾ, ಆಖೆನ್‌ನಲ್ಲಿ ಯಾರೂ ನಮ್ಮನ್ನ ಒಲಿಸೋಕೆ ನೋಡಲಿಲ್ಲ, ಆದ್ರೂ ಅಲ್ಲೇ ಓದಬೇಕು ಅನ್ನಿಸ್ತು" ಅಂದಳು. ಊರಿಗೆ ಬಂದ ವಾರವೇ ಎಪಿಎಸ್ ಸರ್ಟಿಫಿಕೇಟಿಗೆ (ಜರ್ಮನಿಯಲ್ಲಿ ಓದಲು ನಮ್ಮ ಮಾರ್ಕ್ಸ್‌ಕಾರ್ಡುಗಳನ್ನು ಪರಿಶೀಲಿಸಿ ಕೊಡುವ ಪತ್ರ) ಮಾರ್ಕ್ಸ್‌ಕಾರ್ಡ್ ಜೋಡಿಸಲು ಕೂತಳು. ನಾನು ಆ ಹಾಸನದ ಹುಡುಗನಿಗೆ ಫೋನ್ ಮಾಡಿ, ರೂಮಿಗೆ ಯಾವಾಗಿನಿಂದ ಅರ್ಜಿ ಹಾಕಬಹುದು ಅಂತ ಕೇಳಿದೆ.