ಹಳೆಯ ಟೆಲಿ ಲೆನ್ಸ್ ಕೊಳ್ಳುವವರೇ, ಮಲಗಿದ ಎಂಟನ್ನು ನಂಬಬೇಡಿ

ಕಳೆದ ವಾರ ಮೊಬೈಲ್‌ನಲ್ಲಿ ಹಳೆಯ ಸಾಮಾನುಗಳ ಜಾಹೀರಾತು ನೋಡುತ್ತಿದ್ದಾಗ, ನನಗೆ ಲೆನ್ಸ್ ಮಾರಿದವನದೇ ಇನ್ನೊಂದು ಲೆನ್ಸ್ ಕಣ್ಣಿಗೆ ಬಿತ್ತು. ಚಿತ್ರದ ಕೆಳಗೆ ಅದೇ ಒಕ್ಕಣೆ: "ಎಲ್ಲ ಕ್ಯಾನನ್ ಕ್ಯಾಮೆರಾಗಳಿಗೂ ಕೂರುತ್ತದೆ." ಆ ಒಂದು ಸಾಲನ್ನು ನಂಬಿ 12,500 ರೂಪಾಯಿ ಕೈಬಿಟ್ಟವನು ನಾನು. ಕಲಬುರಗಿಯಲ್ಲಿ ಇನ್ನೊಬ್ಬರ ಜೇಬು ಹಗುರಾಗುವ ಮೊದಲು ನಡೆದದ್ದನ್ನು ಬರೆದುಬಿಡುತ್ತೇನೆ.

ನಾನು ಕೊಂಡದ್ದು 300 ಎಂಎಂ ಎಫ್/4, ಕೈಯಿಂದಲೇ ಫೋಕಸ್ ಮಾಡಬೇಕಾದ, ಕ್ಯಾನನ್ ಕಂಪನಿಯ ಹಳೆಯ ಎಫ್‌ಡಿ ಲೆನ್ಸ್. ಬೆಲೆ 9,500. ಹೊಸ ಲೆನ್ಸಿನ ಬೆಲೆ ಕೇಳಿದರೆ ನನ್ನಂಥ ಸಂಬಳದವನಿಗೆ ಜ್ವರ ಬರುತ್ತದೆ. ಇದು ಸಿಕ್ಕಿದ್ದು ಪುಣ್ಯ ಎಂದುಕೊಂಡೆ. ಲೋಹದ ಮೈ, ಕೈಗೆ ಹಿತವಾದ ತೂಕ, ಎಲ್ಲೂ ಹಿಡಿಯದೆ ತಿರುಗುವ ಉಂಗುರ. ನನ್ನ ಡಿಎಸ್‌ಎಲ್‌ಆರ್ ಕೂಡ ಕ್ಯಾನನ್. ನಡುವೆ ಒಂದು ಅಡಾಪ್ಟರ್, ಅಂದರೆ ಎರಡನ್ನೂ ಜೋಡಿಸುವ ಬಳೆ, ಬೇಕು ಎಂದ ಮಾರುವವನು, ಅದಕ್ಕೆ 1,100 ಬೇರೆ ತೆಗೆದುಕೊಂಡ. ಮನೆಗೆ ತಂದು ಹಾಲ್‌ನಲ್ಲಿ ಗೋಡೆಯ ಕ್ಯಾಲೆಂಡರ್ ಮೇಲೆ ಪರೀಕ್ಷಿಸಿದೆ. ಅಮಾವಾಸ್ಯೆಯ ಕಪ್ಪು ಚುಕ್ಕೆಯವರೆಗೆ ಎಲ್ಲವೂ ಸ್ಪಷ್ಟ. ನನ್ನ ಪರೀಕ್ಷೆ ಅಲ್ಲಿಗೇ ಮುಗಿದದ್ದು ನನ್ನ ಮೊದಲ ಮೂರ್ಖತನ.

ಜನವರಿಯಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೊರಟೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹಿಡಿಯಬೇಕೆಂಬ ಆಸೆ ಹಳೆಯದು. ಹಿಂದಿನ ರಾತ್ರಿ ಶಹಾಪುರದಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಬೆಳಗಿನ ಜಾವ ಹೊರಡುವ ಮುನ್ನ ಅಳಿಯನಿಗೆ ನನ್ನ ಲೆನ್ಸಿನ ಪ್ರತಾಪ ತೋರಿಸೋಣವೆಂದು ಮಲಗಿದ ಬುದ್ಧನಂತೆ ಕಾಣುವ ಊರ ಬೆಟ್ಟದ ಕಡೆ ಹಿಡಿದೆ. ಉಂಗುರವನ್ನು ತಿರುಗಿಸುತ್ತಾ ಹೋದೆ. ಎಂಟನ್ನು ಅಡ್ಡ ಮಲಗಿಸಿದಂಥ ಅನಂತದ ಗುರುತು, ಅಂದರೆ ಎಷ್ಟೇ ದೂರದ್ದೂ ಸ್ಪಷ್ಟವಾಗಬೇಕಾದ ಜಾಗ, ಬಂತು, ಉಂಗುರ ಟಕ್ಕೆಂದು ನಿಂತಿತು. ಬುದ್ಧನ ಮೂಗು, ಗಲ್ಲ ಎಲ್ಲ ಕಲಸಿದ ಹಿಟ್ಟಿನಂತಿತ್ತು.

"ಮಾವ, ಮಸುಕಾಗಿದೆಯಲ್ಲ?" ಎಂದ ಹುಡುಗ.

"ಮಂಜು ಇದೆಯಪ್ಪಾ," ಎಂದೆ. ಮಂಜೇನೂ ಇರಲಿಲ್ಲ.

ಬೋನಾಳದಲ್ಲಿ ನೀರಿನ ನಡುವೆ ಹಕ್ಕಿಗಳ ಸಂತೆಯೇ ನೆರೆದಿತ್ತು. ಹೆಬ್ಬಾತುಗಳು ಸುಮಾರು ನೂರು ಮೀಟರ್ ಆಚೆ ಕತ್ತು ಚಾಚಿ ಕೂತಿದ್ದವು. ಎರಡು ಗಂಟೆಯಲ್ಲಿ ಮುನ್ನೂರರಷ್ಟು ಚಿತ್ರ ತೆಗೆದೆ. ತಲೆಯ ಮೇಲಿನ ಆ ಎರಡು ಕಪ್ಪು ಪಟ್ಟೆ ಒಂದರಲ್ಲೂ ಬಿಡಿಯಾಗಿ ಕಾಣಲಿಲ್ಲ. ಕೈ ನಡುಗಿರಬೇಕೆಂದು ಟ್ರೈಪಾಡ್ ಹಾಕಿದೆ, ಶಟರ್ ವೇಗ 1/1000ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಬೇಸರದಿಂದ ಏರಿಯ ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ಓತಿಕ್ಯಾತದ ಕಡೆ ತಿರುಗಿಸಿದೆ. ಅದರ ಕತ್ತಿನ ಮುಳ್ಳು, ಕಣ್ಣಿನ ಸುತ್ತಲಿನ ಸಣ್ಣ ಹುರುಪೆಗಳು, ಎಲ್ಲ ಎಣಿಸುವಷ್ಟು ಚೆನ್ನಾಗಿ ಬಂದವು. ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಬಂದು ನಾನು ಪಡೆದ ಒಂದೇ ಚಿತ್ರ ಅದು.

ಕಾರಣ ತಿಳಿದದ್ದು ಊರಿಗೆ ಬಂದ ಮೇಲೆ. ಕ್ಯಾನನ್ 1987ರಲ್ಲಿ ಇಎಫ್ ಎಂಬ ಹೊಸ ಮೌಂಟ್ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿ) ತಂದಿತು. ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸ್‌ಗಳು ಮೌಂಟಿನಿಂದ ಫಿಲ್ಮ್‌ಗೆ 42 ಮಿಲಿಮೀಟರ್ ಅಂತರ ಎಂದುಕೊಂಡು ತಯಾರಾದವು. ಇಎಫ್ ಕ್ಯಾಮೆರಾದಲ್ಲಿ ಅದು 44. ಅಲ್ಲಿಗೇ ಎರಡು ಮಿಲಿಮೀಟರ್ ಹೆಚ್ಚಾಯಿತು. ನನ್ನ ಅಡಾಪ್ಟರ್‌ನ ದಪ್ಪ ಇನ್ನೆರಡು. ಒಟ್ಟು ನಾಲ್ಕು ಮಿಲಿಮೀಟರ್, ಅಂದರೆ ಎರಡು ನಾಣ್ಯದ ದಪ್ಪ. ಇಷ್ಟಕ್ಕೆ ಏನಾದೀತು ಎನಿಸುತ್ತದೆ. ಆದರೆ ಲೆನ್ಸ್ ಮುಂದಕ್ಕೆ ಸರಿದಷ್ಟೂ ಫೋಕಸ್ ಹತ್ತಿರಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಲೆನ್ಸಿನ 300ನ್ನು 300ರಿಂದಲೇ ಗುಣಿಸಿ ಆ ನಾಲ್ಕರಿಂದ ಭಾಗಿಸಿದರೆ 22,500 ಮಿಲಿಮೀಟರ್. ಇಪ್ಪತ್ತೆರಡು ಚಿಲ್ಲರೆ ಮೀಟರ್ ಆಚೆಗಿನ ಯಾವುದೂ ನನ್ನ ಲೆನ್ಸಿಗೆ ಕಾಣುವಂತಿರಲಿಲ್ಲ. ದೂರದ್ದನ್ನು ಹತ್ತಿರ ತರಲೆಂದು ಕೊಂಡ ಲೆನ್ಸ್ ಬರೀ ಹತ್ತಿರದ್ದನ್ನೇ ನೋಡುತ್ತಿತ್ತು, ಥೇಟ್ ನನ್ನ ಹಾಗೆ.

ಮಾರಿದವನಿಗೆ ಫೋನ್ ಮಾಡಿದೆ. "ಕೂರುತ್ತದೆ ಎಂದಿದ್ದೆ, ಕೂತಿದೆಯಲ್ಲ ಸರ್?" ಎಂದ. ಸುಳ್ಳಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಒಳಗೆ ಗಾಜಿರುವ ಅಡಾಪ್ಟರ್ ಬರುತ್ತದೆ, ಅದರಿಂದ ಅನಂತದವರೆಗೂ ಫೋಕಸ್ ಆಗುತ್ತದೆ ಎಂದು ಓದಿ 1,900 ಕೊಟ್ಟು ತರಿಸಿದೆ. ದೂರ ಕಂಡಿತು, ನಿಜ. ಆದರೆ ಅಗ್ಗದ ಆ ಗಾಜು ಒಳ್ಳೆಯ ಲೆನ್ಸಿನ ಹಿಂದೆ ಸೋಡಾ ಬಾಟಲಿಯ ತಳ ಇಟ್ಟ ಹಾಗೆ. ಬೆಳಕೂ ಕಡಿಮೆಯಾಯಿತು. ಅಪ್ಪನ ಕೆರೆಯಲ್ಲಿ ಬೆಳ್ಳಕ್ಕಿ ತೆಗೆದರೆ ರೆಕ್ಕೆಯ ಅಂಚಿಗೆಲ್ಲ ನೇರಳೆ ಬಣ್ಣದ ಗೆರೆ, ಮೈಸುತ್ತ ಹಾಲಿನ ಮಬ್ಬು. ಈ ಮಬ್ಬು ಎಲ್ಲಿಂದ ಎಂದು ರಾತ್ರಿ ದೀಪ ಆರಿಸಿ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಒಳಗಿನ ಗಾಜಿನ ಅಂಚಿನಲ್ಲಿ ಕೂದಲೆಳೆಯ ಬೇರುಗಳಂತೆ ಫಂಗಸ್ ಹಬ್ಬಿತ್ತು. ಹಗಲು ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಬಿಚ್ಚಿ ತೊಳೆಯಲು ರಿಪೇರಿಯವರು 3,000 ಕೇಳಿದರು, ಗಾಜಿನ ಲೇಪನವನ್ನು ತಿಂದಿದ್ದರೆ ಕಲೆ ಹೋಗುವ ಭರವಸೆ ಇಲ್ಲ ಎಂದೂ ಹೇಳಿದರು. ಪ್ರಾಮಾಣಿಕರು.

ಇಷ್ಟಾದರೂ ಕೊಳ್ಳುವೆನೆನ್ನುವವರು ನಿಮ್ಮ ಕ್ಯಾಮೆರಾ, ಅಡಾಪ್ಟರ್ ಎರಡನ್ನೂ ಒಯ್ದು, ಅಂಗಡಿಯಿಂದ ಹೊರಬಂದು, ಅರ್ಧ ಕಿಲೋಮೀಟರ್ ದೂರದ ನೀರಿನ ಟ್ಯಾಂಕೋ ಮೊಬೈಲ್ ಟವರೋ ಇದ್ದರೆ ಅದಕ್ಕೆ ಫೋಕಸ್ ಮಾಡಿ. ಕಣ್ಣುಕಿಂಡಿಯನ್ನು ನಂಬಬೇಡಿ, ಈಗಿನ ಡಿಎಸ್‌ಎಲ್‌ಆರ್‌ಗಳಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾಗಳ ಒಡೆದ ಚಿತ್ರದ ವೃತ್ತ (ಫೋಕಸ್ ಸರಿಯಾದಾಗ ಎರಡು ತುಂಡೂ ಕೂಡುವಂಥದ್ದು) ಇರುವುದಿಲ್ಲ. ಹಿಂಬದಿಯ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿ. ನಿಕಾನ್‌ನವರೂ ನಿಶ್ಚಿಂತೆಯಿಂದಿರಬೇಡಿ: 1977ಕ್ಕಿಂತ ಹಿಂದಿನ, ಮಾರ್ಪಡಿಸದ ಲೆನ್ಸ್ ತೂರಿಸಿದರೆ ಕೆಲವು ಕ್ಯಾಮೆರಾಗಳ ಅಪರ್ಚರ್ (ಬೆಳಕಿನ ಕಿಂಡಿ) ಕೊಂಡಿಯೇ ಮುರಿಯಬಹುದು. ಎಲ್ಲ ಸರಿ ಇದ್ದರೂ 300 ಎಂಎಂನಲ್ಲಿ ಹದಿನೈದು ಮೀಟರ್ ದೂರದ ಹಕ್ಕಿಗೆ ಎಫ್/4ರಲ್ಲಿ ಸ್ಪಷ್ಟತೆಯ ಆಳ ಒಂದು ಮೊಳದ ಆಸುಪಾಸು ಮಾತ್ರ. ಹಾರುವ ಹಕ್ಕಿಯ ಆಸೆ ಬಿಡಿ, ಕೂತದ್ದು ಸಿಕ್ಕರೆ ಸಾಕು.

ಮೊನ್ನೆ ಗೆಳೆಯನ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಗಾಜಿಲ್ಲದ ಅಡಾಪ್ಟರ್ ಹಾಕಿ ಅದೇ ಲೆನ್ಸ್ ಜೋಡಿಸಿ ನೋಡಿದೆವು. ಅವುಗಳಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ ಅಂತರ ತುಂಬ ಕಡಿಮೆ, ಹಾಗಾಗಿ ಅಡಾಪ್ಟರ್‌ಗೆ ಜಾಗ ಉಳಿಯುತ್ತದೆ. ದೂರದ ಟವರ್‌ನ ನಟ್ಟು ಬೋಲ್ಟೂ ಕಂಡವು, ಫಂಗಸ್‌ನ ತೆಳು ಮಬ್ಬಿನೊಂದಿಗೆ. ಗೆಳೆಯ ನಾಲ್ಕು ಸಾವಿರಕ್ಕೆ ಕೇಳುತ್ತಿದ್ದಾನೆ. ಟಾರ್ಚ್ ಬೆಳಕು ಹಾಯಿಸಿ ಎಲ್ಲವನ್ನೂ ತೋರಿಸಿದ್ದೇನೆ. ಓತಿಕ್ಯಾತದ ಚಿತ್ರ ಮಾತ್ರ ಶಹಾಪುರದ ಅಳಿಯನ ಮೊಬೈಲ್ ಪರದೆಯ ಮೇಲಿದೆ. ಮನೆಗೆ ಬಂದವರಿಗೆಲ್ಲ "ಮಾವ ತೆಗೆದ ಹೆಬ್ಬಾತು" ಎಂದು ತೋರಿಸುತ್ತಾನಂತೆ.