ಗ್ರಿಮ್ ಸೋದರರೋ, ಆಂಡರ್ಸನ್ನೋ?

ಎರಡೂ ‘ಕಿನ್ನರಿ ಕಥೆ’ ಅಂತ ಒಂದೇ ಕಪಾಟಿನಲ್ಲಿರುತ್ತವೆ, ಆದರೆ ಜಾತಿಯೇ ಬೇರೆ.

ಜರ್ಮನಿಯ ಗ್ರಿಮ್ ಸೋದರರು ಕಥೆ ಹೊಸೆದವರಲ್ಲ. ಕೇಳಿ ಬರೆದುಕೊಂಡು, ಆಮೇಲೆ ತಿದ್ದಿದವರು. ಹಾಗಾಗಿ ಕೊಳ್ಳುವ ಮುನ್ನ ಯಾವ ಆವೃತ್ತಿಯ ಅನುವಾದ ಅಂತ ನೋಡಿಕೊಳ್ಳಿ. 1812ರ ಮೊದಲ ಸಂಪುಟದಲ್ಲಿ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಹೊತ್ತಿಗೆ ಮಲತಾಯಿಯಾಗುತ್ತಾಳೆ. ಬಟ್ಟೆ ಯಾಕೆ ಬಿಗಿಯಾಗುತ್ತಿದೆ ಅಂತ ಗೋಪುರದಲ್ಲಿ ಬಂಧಿಯಾಗಿರುವ ರಪುಂಜೆಲ್ ಮುಗ್ಧವಾಗಿ ಕೇಳಿ, ಬಸುರಿಯಾದ ಗುಟ್ಟು ಬಿಟ್ಟುಕೊಡುತ್ತಾಳಲ್ಲ, ಆ ಮಾತೂ ಆಮೇಲೆ ಮಾಯ. ದೊಡ್ಡವರ ಓದಿಗೆ ನನ್ನ ಓಟು 1812ಕ್ಕೆ. ಮಕ್ಕಳಿಗೆ ಓದಿ ಹೇಳುವುದಾದರೆ 1857ರ ಕೊನೆಯ ಆವೃತ್ತಿ ಸಾಕು. ಒಂದೇ ಉಸಿರಿಗೆ ಓದಬೇಡಿ; ಹತ್ತು ಕಥೆ ಆಗುವಷ್ಟರಲ್ಲಿ ‘ಕಿರಿಯವನೇ ಗೆಲ್ಲುತ್ತಾನೆ ಬಿಡು’ ಅನ್ನಿಸತೊಡಗುತ್ತದೆ.

ಡೆನ್ಮಾರ್ಕಿನ ಆಂಡರ್ಸನ್ 1835ರಿಂದ ಪ್ರಕಟಿಸಿದ ಕಥೆಗಳಲ್ಲಿ ಹೆಚ್ಚಿನವು ಸ್ವಂತ ಕಲ್ಪನೆಯವು. ಗ್ರಿಮ್ ಕಥೆಯಲ್ಲಿ ಕೈ ಕಡಿದರೂ ನೋವಿನ ವರ್ಣನೆಯಿಲ್ಲ. ಇಲ್ಲಿ ಮನುಷ್ಯರ ಕಾಲು ಪಡೆದ ಪುಟ್ಟ ಮತ್ಸ್ಯಕನ್ಯೆಗೆ ಪ್ರತಿ ಹೆಜ್ಜೆಯೂ ಚೂರಿಯ ಅಲಗಿನ ಮೇಲೆ ನಡೆದಂತೆ. ಅವಳು ಪ್ರೀತಿಸಿದ ರಾಜಕುಮಾರ ಬೇರೊಬ್ಬಳನ್ನೇ ಮದುವೆಯಾಗುತ್ತಾನೆ. ಕೆಲವು ಕಡೆ ಭಕ್ತಿ, ಉಪದೇಶ ಅತಿಯಾಯಿತು, ನಿಜ. ಆದರೆ 1847ರ ‘ನೆರಳು’ ಓದಿ: ವಿದ್ವಾಂಸನ ನೆರಳೇ ಯಜಮಾನನಾಗಿ, ಅವನನ್ನೇ ತನ್ನ ನೆರಳೆಂದು ಕರೆದು, ಕೊನೆಗೆ ಕೊಲ್ಲಿಸುತ್ತದೆ. ಸಣ್ಣಕಥೆಯ ರುಚಿ ಹತ್ತಿದವರು ಆಂಡರ್ಸನ್‌ನಿಂದಲೇ, ಅದರಲ್ಲೂ ಈ ಕಥೆಯಿಂದಲೇ ಶುರುಮಾಡಲಿ.